ನೂರನೇ ಪುಟದೊಳಗೆ

ಮಾರ್ಚ್ 28, ಶನಿವಾರ

ಹಾಮಾರ್ ಪಟ್ಟಣದ ನಿವೃತ್ತ ಇತಿಹಾಸ ಅಧ್ಯಾಪಕ ಹಾಲ್ವರ್ ಎಂಬ ನಾನು, ವಯಸ್ಸು ಅರವತ್ತೊಂಬತ್ತು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಈ ದಿನ ಮಧ್ಯಾಹ್ನ, ಹೆಂಡತಿ ನೀರು ತರಲು ಹೊಳೆಗೆ ಹೋಗಿದ್ದ ಸಮಯ ಸಾಧಿಸಿ, ನಮ್ಮ ಬೆಟ್ಟದ ಮನೆಯ ಕಪಾಟಿನಿಂದ ನಾಲ್ಕು ಪುಸ್ತಕಗಳನ್ನು ಅಪಹರಿಸಿ ಸೌದೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿರುತ್ತೇನೆ. ಕೃತ್ಯ ಪೂರ್ವಯೋಜಿತ. ಪಶ್ಚಾತ್ತಾಪ ಇಲ್ಲ.

ಬಲಿಪಶು ನನ್ನ ಬಾಮೈದ ಸ್ಟೈನಾರ್. ಗುರುವಾರ ಬರುತ್ತಾನೆ. ಬಂದವನೇ ಬೂಟು ಬಿಚ್ಚುವ ಮೊದಲು ಕಪಾಟಿಗೆ ಕೈ ಹಾಕಿ ಒಳ್ಳೊಳ್ಳೆಯ ಕೊಲೆ ಕಾದಂಬರಿಗಳನ್ನೆಲ್ಲ ತನ್ನ ಮಂಚಕ್ಕೆ ಸಾಗಿಸುವುದು ಅವನ ಚಾಳಿ. ಈಸ್ಟರ್ ವಾರ ಕೊಲೆಯಿಲ್ಲದೆ ಯಾವ ನಾರ್ವೆಯವನು ತಾನೇ ಬದುಕುತ್ತಾನೆ? ಬೆಟ್ಟ ಹತ್ತಬೇಕು, ಕಿತ್ತಳೆ ಸುಲಿಯಬೇಕು, ಹೆಣದ ಮೇಲೆ ಹೆಣ ಓದಬೇಕು, ಅದೇ ನಮ್ಮ ದೇಶದ ಸಂಪ್ರದಾಯ. ಈಗಂತೂ ಹಾಲಿನ ಪೊಟ್ಟಣದ ಬೆನ್ನ ಮೇಲೂ ಪುಟ್ಟದೊಂದು ಕೊಲೆ ಅಚ್ಚಾಗಿರುತ್ತದೆ. ಹಾಲು ಕುಡಿದವರೂ ಬದುಕುವ ಹಾಗಿಲ್ಲ.

ನಾಲ್ಕೂ ಸ್ವೀಡನ್ನಿನ ಇನ್ಸ್‌ಪೆಕ್ಟರ್ ಡಾಗ್ನಿಯ ಸರಣಿ. ಊರು ಸಣ್ಣದು, ಸರೋವರ ದೊಡ್ಡದು, ಮಂಜು ದಟ್ಟ. ಡಾಗ್ನಿಗೆ ಗಂಡನಿಲ್ಲ, ನಿದ್ದೆಯಿಲ್ಲ, ನಗುವಿಲ್ಲ, ಕಾಫಿ ಒಂದುಂಟು. ಭಾಗಕ್ಕೆ ಮೂರು ಜನರಂತೆ ಸಾಯುತ್ತ ಹೋದರೆ ಆ ಊರಿನ ಚುನಾವಣೆಯಲ್ಲಿ ಮತ ಹಾಕುವವರು ಯಾರು ಎಂಬುದೇ ನಿಜವಾದ ರಹಸ್ಯ. ನೆರೆಯ ಸ್ವೀಡನ್ನಿನವರಿಗೆ ಕೊಲೆ ಮಾಡಲು ಬರುತ್ತದೆ, ಮುಚ್ಚಿಡಲು ಬರುವುದಿಲ್ಲ.

ದಾರಿಯಲ್ಲಿ ಕಣಿವೆಯ ಅಂಗಡಿಯಿಂದ ಕುರಿಮರಿಯ ತೊಡೆ, ಕಾಫಿಪುಡಿ, ಎರಡು ಚೀಲ ಕಿತ್ತಳೆ ತಂದೆವು. ಕಿತ್ತಳೆ ನಾನೇ ಒಂದೊಂದಾಗಿ ಒತ್ತಿ ನೋಡಿ ಆರಿಸಿದ್ದು.

ಕಾರಿನಲ್ಲಿ ಹೆಂಡತಿ ಗುನ್ವೋರ್ ಮತ್ತೆ ಆ ಮಾತು ತೆಗೆದಳು. ಈಸ್ಟರ್ ಮುಗಿದ ಮಂಗಳವಾರಕ್ಕೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಾಳಂತೆ.

"ಒಂದು ಸಣ್ಣ ಪರೀಕ್ಷೆ ಅಷ್ಟೆ, ಹಾಲ್ವರ್. ಗಡಿಯಾರದ ಚಿತ್ರ ಬರಿ ಅಂತಾರೆ. ಒಂದಷ್ಟು ಪದ ಹೇಳಿ, ಆಮೇಲೆ ಕೇಳ್ತಾರೆ."

"ಜೀವನವೆಲ್ಲಾ ಬೇರೆಯವರಿಗೆ ಪರೀಕ್ಷೆ ಮಾಡ್ದೋನು ನಾನು, ಮಾಡಿಸ್ಕೊಳ್ಳೋನಲ್ಲ."

"ಕಳೆದ ತಿಂಗಳು ಬ್ಯಾಂಕಿನ ಮುಂದೆ ಕಾರು ನಿಲ್ಲಿಸಿ ಬಸ್ಸಲ್ಲಿ ಮನೆಗೆ ಬಂದ್ಯಲ್ಲ."

"ಪರಿಸರ ಕಾಳಜಿ."

ಅವಳು ನಗಲಿಲ್ಲ. ಈ ಪರೀಕ್ಷೆಗಳ ಹಣೆಬರಹ ನನಗೆ ಗೊತ್ತು. ಮೊದಲು ಕಾರಿನ ಕೀಲಿ ಕಿತ್ತುಕೊಳ್ಳುತ್ತಾರೆ, ಆಮೇಲೆ ಮನೆಯ ಕೀಲಿ. ನನ್ನಪ್ಪ ಕೊನೆಕೊನೆಗೆ ನನ್ನನ್ನು ಟಪಾಲಿನವನು ಎಂದುಕೊಂಡಿದ್ದ. ಭಾನುವಾರಗಳಲ್ಲಿ ವೃದ್ಧಾಶ್ರಮಕ್ಕೆ ಭೇಟಿಗೆ ಹೋದರೆ "ಇವತ್ತೂ ಕಾಗದ ಇಲ್ವೇನಪ್ಪಾ?" ಎಂದು ಕೇಳುತ್ತಿದ್ದ. ಅಂಥ ಮನೆಯೊಳಗೆ ನಾನು ಕಾಲಿಡುವುದಿಲ್ಲ.

ಸಂಜೆ ಆ ನಾಲ್ಕು ಪುಸ್ತಕಗಳ ಮುದ್ದೆಮಾಲನ್ನು ಸೌದೆ ಪೆಟ್ಟಿಗೆಯಿಂದ ತೆಗೆದು ಅವಳ ಮುಂದಿಟ್ಟು ಪಂದ್ಯ ಕಟ್ಟಿದೆ.

"ನಾಲ್ಕೂ ಭಾಗದಲ್ಲಿ, ನೂರನೇ ಪುಟದೊಳಗೆ, ಕೊಂದೋರು ಯಾರು ಅಂತ ಹೇಳ್ತೀನಿ. ಎಲ್ಲಾ ಸರಿಯಾದ್ರೆ ಡಾಕ್ಟರೂ ಇಲ್ಲ, ಗಡಿಯಾರವೂ ಇಲ್ಲ. ಒಂದು ತಪ್ಪಿದ್ರೂ ಬಾಯಿ ಮುಚ್ಕೊಂಡು ಬರ್ತೀನಿ."

ಗುನ್ವೋರ್ ಮೊದಲ ಭಾಗವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಈ ಪುಸ್ತಕಗಳಾ?"

"ಇವೇ. ಯಾಕೆ?"

"ಏನಿಲ್ಲ... ಕೊನೇ ಪುಟ ನೋಡ್ಬಾರ್ದು."

"ನಾನಾ! ಇಷ್ಟು ವರ್ಷದಲ್ಲಿ ಒಂದು ಸಲ ಆದ್ರೂ ನಾನು ಕೊನೇ ಪುಟ ಮೊದಲು ನೋಡಿದ್ದು ಕಂಡಿದ್ದೀಯಾ?"

"ಇಲ್ಲ. ಅದೊಂದು ಮಾಡಿಲ್ಲ ನೀನು," ಎಂದು ಒಪ್ಪಿದಳು. ಒಪ್ಪಲೇಬೇಕು. ಕೊನೆಯ ಪುಟವನ್ನು ಮೊದಲು ಓದುವವನು ಚರ್ಚಿನ ಹುಂಡಿಯಿಂದ ಚಿಲ್ಲರೆ ಎತ್ತಲೂ ಹೇಸದವನು. ನನ್ನ ಮೇಲೆ ಆ ಕಳಂಕವಿಲ್ಲ, ಇರುವುದೂ ಇಲ್ಲ.

ಮಾರ್ಚ್ 29, ಭಾನುವಾರ

ಸರ್ಕಾರ ನನ್ನಿಂದ ಒಂದು ಗಂಟೆ ಕದ್ದಿದೆ. ಬೇಸಿಗೆಯ ಲೆಕ್ಕಕ್ಕೆ ಗಡಿಯಾರ ಮುಂದೆ ಹೋಯಿತು. ಗೋಡೆಯ ಗಡಿಯಾರವನ್ನು ನಾನೇ ತಿರುಗಿಸಿದೆ. ಗುನ್ವೋರ್ ಹಿಂದಿನಿಂದ ಬಂದು ಮುಳ್ಳನ್ನು ಇನ್ನೊಂದು ಕಡೆಗೆ ತಿರುಗಿಸಿ ಹೋದಳು. ಇದರಲ್ಲೂ ನನ್ನ ಮೇಲೆ ನಂಬಿಕೆಯಿಲ್ಲ.

ಇರಲಿ, ಮೊದಲ ಕೋಟೆ ಬಿತ್ತು! ಎಂಬತ್ತೊಂದನೇ ಪುಟದಲ್ಲಿ ಪುಸ್ತಕ ಮಡಚಿ, "ಚರ್ಚಿನಲ್ಲಿ ವಾದ್ಯ ನುಡಿಸುವವನು" ಎಂದೆ. ಗುನ್ವೋರ್ ಕೊನೆಯ ಅಧ್ಯಾಯ ತೆರೆದು ನೋಡುವ ಶಾಸ್ತ್ರ ಮಾಡಿ, "ಸರಿ" ಎಂದಳು. ನ್ಯಾಯಾಧೀಶರು ಶಿಕ್ಷೆ ಓದುವ ದನಿಯಲ್ಲಿ.

"ಹೇಗೆ ಗೊತ್ತಾಯ್ತು?"

"ಅವನು ತುಂಬಾ ಒಳ್ಳೆಯವನು. ಸ್ವೀಡನ್ನಲ್ಲಿ ಅಷ್ಟು ಒಳ್ಳೆಯವರು ಇರೋದಿಲ್ಲ."

ಅವಳ ಹೆಣಿಗೆಯ ಒಂದು ಕುಣಿಕೆ ತಪ್ಪಿತು. ಪಾಪ, ಸೋಲಿನ ಭಯ. ನಾನು ಹೆಣದ ಹಿಂದೆ, ಅವಳು ಹೆಣಿಗೆಯ ಹಿಂದೆ. (ಈಗಷ್ಟೇ ಹೊಳೆದದ್ದು. ಸ್ಟೈನಾರ್‌ಗೆ ಹೇಳಬೇಕು.)

ಮಾರ್ಚ್ 31, ಮಂಗಳವಾರ

ಎರಡನೆಯದೂ ಬಿತ್ತು, ಅರವತ್ತನೇ ಪುಟದಲ್ಲಿ. ಸತ್ತವಳ ಮಲಸಹೋದರ. ಅವನಿನ್ನೂ ಕಥೆಯೊಳಗೆ ಸರಿಯಾಗಿ ಬಂದೂ ಇರಲಿಲ್ಲ, ಫೋನಿನಲ್ಲಿ ಒಮ್ಮೆ ಕೆಮ್ಮಿದ್ದ ಅಷ್ಟೆ. ಆ ಕೆಮ್ಮೇ ಸಾಕಾಯಿತು ನನಗೆ. ಒಳಗಿನಿಂದ ಯಾರೋ ಮೆಲ್ಲಗೆ ಹೇಳಿಕೊಟ್ಟ ಹಾಗಾಗುತ್ತದೆ. ಇದನ್ನೇ ಪ್ರತಿಭೆ ಎನ್ನುತ್ತಾರೇನೋ. ಇಷ್ಟು ವರ್ಷ ಪಾಠ ಹೇಳಿ ಹಾಳಾದೆ, ಪೊಲೀಸ್ ಇಲಾಖೆಗೆ ಸೇರಬೇಕಿತ್ತು.

ಗುನ್ವೋರ್ "ಸರಿ" ಎಂದು ಹೇಳಿ ಕಕ್ಕಸಿಗೆ ಹೋದಳು. ಮನೆಯ ಹಿಂದೆ, ಅಂಗಳದಾಚೆಗಿನ ಆ ಚಳಿಗೂಡಿನಲ್ಲಿ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ಬಂದಾಗ ಮೂಗು ಕೆಂಪಗಿತ್ತು. ಚಳಿ ಎಂದಳು.

ಈ ಸಲ ಅವಳಿಗೆ ಏನಾಗಿದೆಯೋ, ಕಿತ್ತಳೆ ತರುವುದನ್ನೇ ಮರೆತಿದ್ದಾಳೆ. ಕಿತ್ತಳೆಯಿಲ್ಲದ ಈಸ್ಟರ್ ಎಲ್ಲಾದರೂ ಉಂಟೆ? ಹೇಳಿದರೆ ನೊಂದುಕೊಳ್ಳುತ್ತಾಳೆಂದು ಸದ್ದಿಲ್ಲದೆ ಸ್ಕೀ ಹಾಕಿಕೊಂಡು ರಸ್ತೆಗೆ ಇಳಿದು, ಅಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಅಂಗಡಿಗೆ ಹೋಗಿ ಎರಡು ಚೀಲ ತಂದೆ. ಅಂಗಡಿಯ ಹುಡುಗಿ "ಮತ್ತೆ ಕಿತ್ತಳೆನಾ?" ಎಂದು ನಕ್ಕಳು. ಟೋಪಿ ಹಾಕಿಕೊಂಡ ಮುದುಕರೆಲ್ಲ ಅವಳಿಗೆ ಒಂದೇ.

ಏಪ್ರಿಲ್ 1, ಬುಧವಾರ

ಬೆಳಿಗ್ಗೆ ಬೆಣ್ಣೆಗೆಂದು ಉಗ್ರಾಣದ ಬಾಗಿಲು ತೆರೆದರೆ ಒಳಗೆಲ್ಲ ಕಿತ್ತಳೆ! ನಾನು ತಂದದ್ದು ಎರಡು ಚೀಲ, ಅಲ್ಲಿದ್ದದ್ದು ನಾಲ್ಕು. ಎರಡು ಸಲ ಎಣಿಸಿದೆ. ಆಮೇಲೆ ತಾರೀಕು ನೆನಪಾಯಿತು.

"ಗುನ್ವೋರ್! ಏಪ್ರಿಲ್ ಫೂಲ್ ಮಾಡೋಕೆ ಎರಡು ಚೀಲ ಕಿತ್ತಳೆ ಖರ್ಚು ಮಾಡಿದ್ಯಾ? ಎಲ್ಲಿ ಬಚ್ಚಿಟ್ಟಿದ್ದೆ?"

ಅವಳು ಬ್ರೆಡ್ಡು ಕೊಯ್ಯುತ್ತಿದ್ದಳು. ಚಾಕು ನಿಂತಿತು.

"ಹೌದು," ಎಂದಳು. "ನಾನೇ. ಸಿಕ್ಕಿಬಿದ್ದೆ ನೋಡು."

ಪತ್ತೇದಾರನನ್ನು ಮದುವೆಯಾದ ಮೇಲೆ ಇಷ್ಟಾದರೂ ಗೊತ್ತಿರಬೇಡವೇ?

ಏಪ್ರಿಲ್ 2, ಗುರುವಾರ

ಸ್ಟೈನಾರ್ ಬಂದ. ಬೆನ್ನಿಗೆ ಚೀಲ, ಗಡ್ಡದಲ್ಲಿ ಮಂಜು.

"ಏನ್ ಭಾವ, ಇಲ್ಲೀವರೆಗೆ ಎಷ್ಟು ಜನ ಸತ್ರು?"

"ಆರು. ನೀನು ಬಂದ್ಯಲ್ಲ, ಏಳನೇದಕ್ಕೆ ವ್ಯವಸ್ಥೆ ಆಯ್ತು."

ಹೆಣ–ಹೆಣಿಗೆಯ ಮಾತು ಹೇಳಿದೆ, ಬಿದ್ದು ಬಿದ್ದು ನಕ್ಕ. ಆದರೆ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ! ನನ್ನ ಅಪರಾಧವನ್ನೇ ಅವಮಾನಿಸಿದ ಹಾಗಾಯಿತು. ಕೊನೆಗೆ ನಾನೇ ಮೂರನೇ ಭಾಗವನ್ನು ಅವನ ಮೂಗಿನ ಕೆಳಗೆ ಆಡಿಸಿದೆ.

"ಅರೆ, ಡಾಗ್ನಿ! ಇದನ್ನ ಮತ್ತೆ—"

"ಸ್ಟೈನಾರ್, ಸೌದೆ ತಗೊಂಡ್ ಬಾ," ಎಂದಳು ಗುನ್ವೋರ್.

"ಪೆಟ್ಟಿಗೆ ತುಂಬಿದೆಯಲ್ಲ ಅಕ್ಕ."

"ತಗೊಂಡ್ ಬಾ ಅಂದೆ."

ಇಬ್ಬರೂ ಹೊರಗೆ ಸೌದೆಯ ಗೂಡಿನ ಬಳಿ ತುಂಬ ಹೊತ್ತು ನಿಂತಿದ್ದರು. ಸೌದೆ ತರದೆಯೇ ವಾಪಸು ಬಂದರು. ಅಕ್ಕ ತಮ್ಮಂದಿರ ಜಗಳದಲ್ಲಿ ಮೂಗು ತೂರಿಸಬಾರದು.

ಮೂರನೇ ಭಾಗದ ವಿಷಯ. ಗೆದ್ದೆ, ಇಪ್ಪತ್ತನೇ ಪುಟದಲ್ಲಿ. ಸರಿಯೇ. ಆದರೆ ಒಂದು ಸಂಗತಿ ಬರೆದಿಡಬೇಕು. ಡಾಗ್ನಿ ನೆಲಮಾಳಿಗೆಯ ಬಾಗಿಲಿಗೆ ಬರುವ ಮೊದಲೇ, ಕೊಡಲಿ ಆಲೂಗಡ್ಡೆ ಬುಟ್ಟಿಯ ಹಿಂದೆ ಇದೆ ಎಂದು ನನಗೆ ಗೊತ್ತಿತ್ತು. ಬುಟ್ಟಿಯ ಮಾತೇ ಇನ್ನೂ ಬಂದಿರಲಿಲ್ಲ. ಪುಟ ತಿರುವಿದೆ: ಬುಟ್ಟಿ, ಹಿಂದೆ ಕೊಡಲಿ. ಪುಸ್ತಕ ಮುಚ್ಚಿಟ್ಟು ಕೈ ಒರೆಸಿಕೊಂಡೆ. ಊಹೆ ಇಷ್ಟು ಕರಾರುವಾಕ್ಕಾಗಿ ಇರುತ್ತದೆಯೇ?

ಇರುತ್ತದೆ. ಪ್ರತಿಭೆ ಎಂದು ಮಂಗಳವಾರವೇ ತೀರ್ಮಾನವಾಗಿದೆ.

ಏಪ್ರಿಲ್ 3, ಶುಭ ಶುಕ್ರವಾರ

ಕಡ್ಡಿ ನೆಟ್ಟು ಗುರುತು ಮಾಡಿದ ಸ್ಕೀ ದಾರಿಯಲ್ಲಿ ಒಬ್ಬನೇ ಹೋದೆ. ಹಳೆಯ ದಾರಿ ಬೇಸರ ಬಂದಿತ್ತು, ಹೊಸದೊಂದು ಹಿಡಿದೆ. ಹೊಸದೆಂದೇ ಹೇಳಬೇಕು. ಏಕೆಂದರೆ ಎಡಕ್ಕೆ ಇರಬೇಕಾದ ಸರೋವರ ಬಲಕ್ಕಿತ್ತು, ಎದುರಿನ ಶಿಖರಕ್ಕೆ ಹೆಸರಿರಲಿಲ್ಲ. ಆ ಶಿಖರವನ್ನು ಹುಡುಗನಾಗಿದ್ದಾಗಿನಿಂದ ನೋಡುತ್ತಿದ್ದೇನೆ. ಹೆಸರು ನಾಲಿಗೆಯ ತುದಿಯಲ್ಲಿ ಹಿಮದ ಹಾಗೆ ಕುಳಿತು ಕರಗಿತು. ನಿಂತೆ. ಗಾಳಿಯಿರಲಿಲ್ಲ, ನನ್ನ ಉಸಿರಿನ ಸದ್ದೊಂದೇ.

ನಮ್ಮ ಬೆಟ್ಟಗಳಿಗೆ ಒಂದು ನಿಯಮವಿದೆ, ಮಕ್ಕಳಿಗೂ ಬಾಯಿಪಾಠ: ಹಿಂದಿರುಗುವುದಕ್ಕೆ ನಾಚಬೇಡ. ನಾಚಿಕೆಯೇನೂ ಇರಲಿಲ್ಲ. ಹಿಂದು ಯಾವ ಕಡೆ ಎಂಬುದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಸ್ಟೈನಾರ್ ಹಿಂದಿನಿಂದ ಬಂದ, ಆಕಸ್ಮಿಕವಾಗಿ.

"ಓ ಭಾವ, ನೀನಿಲ್ಲಿದ್ದೀಯಾ? ಕಾಫಿ ಕುಡಿಯೋಣ್ವಾ?" ಎಂದು ಫ್ಲಾಸ್ಕ್ ತೆಗೆದ. ಕಾಫಿ ಕುಡಿಯುತ್ತ ಒಂದು ಮಾತು ಹೊಳೆಯಿತು, ಬಿಸಿಬಿಸಿ ಇರುವಾಗಲೇ ಹೇಳಿದೆ: ಗಂಡ ಹೆಣದ ಹಿಂದೆ, ಹೆಂಡತಿ ಹೆಣಿಗೆಯ ಹಿಂದೆ! ಸ್ಟೈನಾರ್ ನಗುವ ಬದಲು ನನ್ನ ಟೋಪಿಯನ್ನು ಕಿವಿಯ ಮೇಲೆ ಎಳೆದು ಸರಿಮಾಡಿದ. ಹಾಸ್ಯಪ್ರಜ್ಞೆ ಆ ಕುಟುಂಬಕ್ಕೇ ಇಲ್ಲ.

ಬರುವಾಗ ಅವನು ಮುಂದೆ, ನಾನು ಹಿಂದೆ. ಅವನು ಐದು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ.

ಏಪ್ರಿಲ್ 4, ಶನಿವಾರ

ಇದನ್ನು ನಿಧಾನವಾಗಿ ಬರೆಯಬೇಕು.

ನಾಲ್ಕನೇ ಭಾಗದ ಮೊದಲ ಅಧ್ಯಾಯ ಮುಗಿಸಿ ಊಟಕ್ಕೆ ಕುಳಿತೆ. ಕುರಿಮರಿಯ ತೊಡೆ, ಆಲೂಗಡ್ಡೆ, ಕೆಂಪು ವೈನು. ಲೋಟ ಎತ್ತಿ ಘೋಷಿಸಿದೆ: "ಮಹಾಜನರೇ, ಕೊಂದದ್ದು ಪಶುವೈದ್ಯ. ಪಂದ್ಯ ಮುಗೀತು. ಮಂಗಳವಾರ ಡಾಕ್ಟರು ಬೇಕಾದ್ರೆ ಅವರೇ ಗಡಿಯಾರ ಬರ್ಕೊಳ್ಲಿ."

ಯಾರೂ ಲೋಟ ಎತ್ತಲಿಲ್ಲ. ಸ್ಟೈನಾರ್ ಫೋರ್ಕು ಕೆಳಗಿಟ್ಟ.

"ಅಕ್ಕಾ, ನನ್ ಕೈಲಾಗಲ್ಲ."

"ಸ್ಟೈನಾರ್, ಬೇಡ."

"ಭಾವ, ಈ ನಾಲ್ಕೂ ನಾವು ಓದಿದ್ದೀವಿ. ಮೂರು ವರ್ಷದ ಹಿಂದೆ, ಇದೇ ಮನೇಲಿ. ನಾಲ್ಕನೇದು ನಾನಿನ್ನೂ ಅರ್ಧದಲ್ಲಿದ್ದೆ, ನೀನು ಇಳಿಜಾರಲ್ಲಿ ನನ್ನ ದಾಟ್ಕೊಂಡು ಹೋಗ್ತಾ 'ಪಶುವೈದ್ಯ ಕಣೋ' ಅಂತ ಕೂಗ್ಬಿಟ್ಟೆ. ಎರಡು ದಿನ ನಿನ್ ಜೊತೆ ಮಾತು ಬಿಟ್ಟಿದ್ದೆ ನಾನು."

ನಾನು ನಕ್ಕೆ. ಏಪ್ರಿಲ್ ಒಂದು ಕಳೆದುಹೋಯಿತು ಎಂದೆ. ನನ್ನ ನಗು ಒಂಟಿಯಾಗಿ ಮೇಜು ಸುತ್ತಿ ಬಂತು.

"ಆಯ್ತು, ಓದಿರ್ಬಹುದು," ಎಂದೆ. "ಮೂರು ವರ್ಷದ ಹಿಂದಿನ ಪತ್ತೇದಾರಿ ಕಾದಂಬರಿ ಯಾರಿಗೆ ನೆನಪಿರತ್ತೆ? ನೀನೇ ಹೇಳು, ಎರಡನೇ ಭಾಗದಲ್ಲಿ ಸತ್ತವಳ ಹೆಸರೇನು?"

"ಗೊತ್ತಿಲ್ಲ."

"ನೋಡು ಮತ್ತೆ!"

"ಆದ್ರೆ ಓದಿದ್ದೀನಿ ಅನ್ನೋದು ಗೊತ್ತು, ಭಾವ."

ಅವನ ದನಿಯಲ್ಲಿ ಲವಲೇಶವೂ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗುನ್ವೋರ್ ಕಡೆ ತಿರುಗಿದೆ. "ನಿನಗೂ ಗೊತ್ತಿತ್ತಾ?"

"ನೀನು ಮೊದಲನೇದು ತೆಗೆದಾಗ, 'ಅಯ್ಯೋ, ಇದು ಓದಿದ್ದೇ' ಅಂತೀಯ ಅಂತ ಕಾದೆ. ಹತ್ತು ಪುಟ ಆದ್ಮೇಲೆ ಅಂತೀಯ ಅಂದ್ಕೊಂಡೆ. ಎರಡನೇದರಲ್ಲಿ ಅಂತೀಯ ಅಂದ್ಕೊಂಡೆ. ನೀನು ಗೆದ್ದಾಗೆಲ್ಲಾ ಹೊರಗೆ ಹೋಗಿ ಅತ್ತು ಬಂದೆ."

"ಹಾಗಿದ್ರೆ ಪಂದ್ಯಕ್ಕೆ ಯಾಕೆ ಒಪ್ಪಿದೆ?"

"ಸೋತರೆ ಡಾಕ್ಟರ ಹತ್ರ ಬರ್ತೀಯ. ಗೆದ್ರೆ..." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಗೆದ್ರೆ, ಯಾಕೆ ಗೆದ್ದೆ ಅಂತ ನಿನಗೇ ತಿಳಿಯತ್ತೆ ಅಂದ್ಕೊಂಡಿದ್ದೆ."

ನನ್ನ ಮೇಲಿನ ಆರೋಪ ಇಷ್ಟು ಮೃದುವಾದ ದನಿಯಲ್ಲಿ ಬಂದರೆ ವಕಾಲತ್ತು ವಹಿಸುವುದು ಹೇಗೆ?

"ಆ ಕಿತ್ತಳೆ?" ಎಂದೆ.

ಅವಳು ಒಂದು ಹಣ್ಣು ತೆಗೆದುಕೊಂಡು ಸುಲಿದು, ತೊಳೆ ಬಿಡಿಸಿ, ಮೂರು ಪಾಲು ಮಾಡಿದಳು.

ಏಪ್ರಿಲ್ 5, ಈಸ್ಟರ್ ಭಾನುವಾರ

ಬಿಸಿಲು. ಬೇಯಿಸಿದ ಮೊಟ್ಟೆ. ಎಲ್ಲರೂ ನನ್ನೊಡನೆ ಮೆಲ್ಲಗೆ ಮಾತಾಡುತ್ತಿದ್ದಾರೆ, ಕಾಯಿಲೆಯ ಮನೆಯಲ್ಲಿ ಮಾತಾಡುವ ಹಾಗೆ. ಶಿಖರದ ಹೆಸರು ಇನ್ನೂ ಸಿಕ್ಕಿಲ್ಲ. ಕೇಳಿದರೆ ಹೇಳುತ್ತಾರೆ. ಕೇಳುವುದಿಲ್ಲ.

ಸಂಜೆ ಸ್ಟೈನಾರ್ ತನ್ನ ಚೀಲದಿಂದ ಬಣ್ಣದ ಕಾಗದ ಸುತ್ತಿದ ಉಡುಗೊರೆಯೊಂದನ್ನು ಅಳುಕುತ್ತ ತೆಗೆದ. ಡಾಗ್ನಿಯ ಐದನೇ ಭಾಗ. ಅಂಗಡಿಗೆ ಬಂದು ಎರಡು ವಾರವೂ ಆಗಿಲ್ಲವಂತೆ. ಭೂಮಿಯ ಮೇಲೆ ಯಾರೂ ಇದನ್ನು ಮೂರು ವರ್ಷದ ಹಿಂದೆ ಓದಿರಲು ಸಾಧ್ಯವಿಲ್ಲ!

"ಗುನ್ವೋರ್, ಇದೊಂದು. ಇದನ್ನ ಹಿಡಿದ್ರೆ ಹಳೇ ಪಂದ್ಯ ಊರ್ಜಿತ."

"ಬೇಡ ಹಾಲ್ವರ್. ಸುಮ್ನೆ ಓದು, ಖುಷಿಗೆ ಓದು."

"ಒಂದೇ ಒಂದು."

ಅವಳು ಹೆಣಿಗೆಯ ಒಂದು ಸಾಲು ಮುಗಿಸಿ ತಲೆಯಾಡಿಸಿದಳು. ಇಂಥ ಖಟ್ಲೆಯಲ್ಲಿ ಮೇಲ್ಮನವಿಗೆ ಅವಕಾಶ ಸಿಕ್ಕಿದ್ದೇ ದೊಡ್ಡದು.

ಏಪ್ರಿಲ್ 6, ಸೋಮವಾರ

ಬೆಳಗಿನಿಂದ ಓದಿದೆ. ಸ್ಕೀ ಇಲ್ಲ, ಬಿಸಿಲಿಗೆ ಮೈಯೊಡ್ಡುವುದೂ ಇಲ್ಲ. ಹೆಸರುಗಳನ್ನು ಬೆರಳ ಗೆಣ್ಣಿನ ಮೇಲೆ ಕೂರಿಸಿಕೊಂಡು ಓದಿದೆ: ಹೆಬ್ಬೆರಳು ದೋಣಿಗಾರ, ತೋರುಬೆರಳು ಅವನ ಹೆಂಡತಿ, ನಡುಬೆರಳು ದಾದಿ. ಅಧ್ಯಾಯ ಮುಗಿಯುವಷ್ಟರಲ್ಲಿ ಬೆರಳುಗಳೆಲ್ಲ ಬರೀ ಬೆರಳುಗಳಾಗಿ ಉಳಿದಿರುತ್ತಿದ್ದವು. ಈ ಸಲ ಒಳಗಿನಿಂದ ಯಾರೂ ಏನೂ ಹೇಳಿಕೊಡಲಿಲ್ಲ. ಮಂಜಿನಲ್ಲಿ ಡಾಗ್ನಿಯೂ ನಾನೂ ಇಬ್ಬರೇ, ಅವಳ ಕೈಯಲ್ಲಾದರೂ ಕಾಫಿ ಇತ್ತು.

ನೂರನೇ ಪುಟ ಹತ್ತಿರ ಬಂತು. ಗಾಳಿಗೆ ಹೋಗಿ ಬರುತ್ತೇನೆ ಎಂದು ಕೋಟು ಹಾಕಿಕೊಂಡು ಅಂಗಳಕ್ಕೆ ಇಳಿದೆ. ಸ್ವಲ್ಪ ಹೊತ್ತಿನ ಮೇಲೆ ಬಂದು ಬೂಟಿನ ಹಿಮ ಕೊಡವಿದೆ. ಇಬ್ಬರೂ ಮೇಜಿನ ಬಳಿ ಕಾಯುತ್ತಿದ್ದರು. ಗುನ್ವೋರ್ ಹೆಣಿಗೆ ಕೆಳಗಿಟ್ಟಿದ್ದಳು.

"ಹೇಳು ಭಾವ, ಯಾರು?"

ಬಾಯಿ ತೆರೆದೆ. ತೆರೆದದ್ದು ತೆರೆದೇ ಇತ್ತು. ಏನಾದರೂ ಹೇಳಬೇಕಲ್ಲ.

"ಡಾಗ್ನಿ," ಎಂದೆ.

ಇನ್ಸ್‌ಪೆಕ್ಟರೇ ಕೊಲೆಗಾತಿ ಎಂದು ಬೆರಳು ತೋರಿಸಿದ ಮೊದಲ ಓದುಗ ನಾನೇ ಇರಬೇಕು. ಸ್ಟೈನಾರ್ ಕಾಫಿ ನೆತ್ತಿಗೇರುವಷ್ಟು ನಕ್ಕ. ಗುನ್ವೋರ್ ಕೊನೆಯ ಪುಟ ತೆಗೆದು ಓದಿ, "ತಪ್ಪು" ಎಂದಳು. ಹೇಳುತ್ತ ಹೇಳುತ್ತಲೇ ಅವಳ ಮುಖ ಬಿಚ್ಚಿಕೊಂಡಿತು. ಈ ವಾರವೆಲ್ಲ ನಾನು ಕಾಣದಿದ್ದ ಮುಖ. ಎದ್ದು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ತಪ್ಪು ಹೇಳ್ದೆ ನೋಡು, ಎಲ್ಲರ ಹಾಗೆ! ಹೊಸ ಪುಸ್ತಕದಲ್ಲಿ ಎಲ್ಲರೂ ತಪ್ತಾರೆ. ನಾನಾಗಿದ್ರೂ ತಪ್ತಿದ್ದೆ. ಏನೂ ಆಗಿಲ್ಲ ನಿನಗೆ, ಇದ್ರೂ ಅಷ್ಟೇನಿರಲ್ಲ. ನಾಳೆ ಹೋಗಿ ಒಂದ್ಸಲ ತೋರಿಸ್ಕೊಂಡು ಬರೋಣ, ಆಯ್ತಾ?"

"ಆಯ್ತು," ಎಂದೆ. "ಸೋತವನು ಬರಲೇಬೇಕಲ್ಲ."

ಈಗ ಅವಳು ಹಾಡು ಗುನುಗುತ್ತ ಸಾಮಾನು ಕಟ್ಟುತ್ತಿದ್ದಾಳೆ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ನಾಳೆ ಡಾಕ್ಟರಿಗೆ ಹೇಳಲೇಬೇಕು, ಅಲ್ಲಿಯವರೆಗೆ ಉಳಿಯಲೆಂದು ಇಲ್ಲಿ ಬರೆದಿಡುತ್ತೇನೆ. ನಾನು ಊಹಿಸಿ ತಪ್ಪಿದ್ದಲ್ಲ. ಪುಸ್ತಕವನ್ನು ಕೋಟಿನೊಳಗೆ ಅಡಗಿಸಿಕೊಂಡು ಕಕ್ಕಸಿಗೆ ಹೋಗಿ, ಅಗುಳಿ ಹಾಕಿ, ಕೊನೆಯ ಪುಟವನ್ನು ಓದಿದ್ದೆ, ಒಂದು ಸಲವಲ್ಲ, ಎರಡು ಸಲ, ಎರಡನೆಯ ಸಲ ಗಟ್ಟಿಯಾಗಿ. ಅಂಗಳ ದಾಟಿ ಮೇಜಿಗೆ ಬರುವಷ್ಟರಲ್ಲಿ ಹೆಸರು ಹೋಗಿತ್ತು.